ಹೊಳಪು ಜಾಸ್ತಿ ಇರೋ ಹೆಡ್‌ಲೈಟ್ ಬಲ್ಬ್ ಎರಡು ತಿಂಗಳಿಗೇ ಹಾರಿದುವು, ಇದರ ಆಯುಷ್ಯನ ಇಷ್ಟ ಏನ್ರಿ?

ಗುಮ್ಮಟದ ನೆರಳು · ವಿಜಯಪುರ

ಎಲ್ಲಾರಿಗೂ ಶರಣ್ರಿ. ನಂದು 2014ರ ಡೀಸೆಲ್ ಗಾಡಿ, ಎಚ್‌4 ಬಲ್ಬ್, ಅಂದ್ರ ಒಂದರಾಗ ಎರಡು ತಂತಿ: ದೂರದ ಬೆಳಕಿಗೆ ಅಪ್ಪರ್, ಹತ್ರದ್ದಕ್ಕ ಡಿಪ್ಪರ್. ಮನಿ ವಿಜಯಪುರದಾಗ, ಕೆಲಸ ಕೊಲ್ಹಾರದಾಗ. ಸಂಜಿ ಬರೂದ್ರಾಗ ಕತ್ತಲಾಗಿರ್ತದ, ದಿನಾ ಒಂದು ತಾಸು ಲೈಟ್ ಹಚ್ಚೇ ಬರಬೇಕು.

ಹಳೇ ಬಲ್ಬ್ ಆರು ವರ್ಷ ಬಾಳಿಕಿ ಬಂದಿದ್ದುವು. ಬೆಳಕು ಮಾತ್ರ ಕಂದೀಲು ಹಿಡಕೊಂಡು ಹೊಂಟಂಗ. ಹೋದ ಡಿಸೆಂಬರ್‌ದಾಗ ಮುಳವಾಡ ದಾಟಿದ ಮ್ಯಾಲ ಒಂದು ಕಬ್ಬಿನ ಟ್ರ್ಯಾಕ್ಟರ್, ಎರಡು ಡಬ್ಬಿ ಹಚ್ಚಿದ್ದು. ಹಿಂದ ಒಂದು ಕೆಂಪು ಲೈಟಿಲ್ಲ, ರೇಡಿಯಂ ಇಲ್ಲ. ಕಂಡಾಗ ಹತ್ತು ಮಾರು ಇರಲಿಕ್ಕಿಲ್ಲ. ಬ್ರೇಕ್ ಒತ್ತಿ ಗಾಡಿ ನಿಂತಾಗ ಕಬ್ಬಿನ ಸೋಗಿ ಬಾನೆಟ್ ಮ್ಯಾಲ ಸರ್ ಅಂತಿತ್ತು.

ಸಂಕ್ರಮಣಕ್ಕ "ಶೇ. 150 ಹೆಚ್ಚು ಬೆಳಕು" ಅಂತ ಬರದ ಜೋಡಿ ತಂದೆ, ಎರಡು ಸಾವಿರದ ಮ್ಯಾಲ ಹೋತು. ಫಿಟ್ಟಿಂಗ್ ಮಾಡಿದವ ಬ್ಯಾಟರಿ ಕರೆಂಟ್ ನೆಟ್ಟಗ ಬಲ್ಬಿಗೆ ಕೊಡೂ ರಿಲೇ ಕಿಟ್ಟೂ ಕುಂಡ್ರಿಸಿಕೊಟ್ಟ. ಮೊದಲ ರಾತ್ರಿ ಏನ್ ಬೆಳಕ್ರಿ ಅದು, ರಸ್ತಾದ ಮ್ಯಾಲಿನ ಖಡಿ ಎಣಿಸಬಹುದಿತ್ತು! ಯುಗಾದಿಗೆ ಎಡಗಡಿದು ಹಾರ್ತು. ನಾಕ ದಿನಕ್ಕ ಬಲಗಡಿದೂ ಹೋತು. ಅಂಗಡ್ಯಾವ "ಹೈ ಪವರ್ ಬಲ್ಬಿಗೆ ವಾರಂಟಿ ಇರಂಗಿಲ್ಲ" ಅಂತ ಕೈ ಝಾಡಿಸಿಬಿಟ್ಟ.

ಡೂಪ್ಲಿಕೇಟ್ ಮಾಲೋ, ನನ್ನ ಗಾಡಿದೇ ಏನರ ತಪ್ಪೋ, ಇಲ್ಲಾ ಇವು ಬಾಳೂದ ಇಷ್ಟೋ?

ಎರಿಮಣ್ಣು · ಬಾಗಲಕೋಟೆ

ಅದೆಲ್ಲಾ ಬಿಡಪಾ. 100/90 ವ್ಯಾಟಿಂದು ಹಾಕಿಸು, ಜೋಡಿಗೆ ಮುನ್ನೂರು ರೂಪಾಯಿ. ರಾತ್ರಿ ಹಗಲಾಕ್ಕೈತಿ. ಹಾರಿದ್ರೂ ಹೊಟ್ಟಿ ಉರಿಯಂಗಿಲ್ಲ.

ಪಕ್ಕಡ್ ಕಾಕಾ · ನವನಗರ, ಬಾಗಲಕೋಟೆ

ಎರಿಮಣ್ಣು, ನಿನ್ನಂಥವರ ಮಾತು ಕೇಳಿ ಬಂದವರ ಗಾಡಿ ಬಿಚ್ಚಿ ಬಿಚ್ಚಿ ನನ್ನ ಬೆರಳು ಸವದಾವ ತಮ್ಮಾ. ಆಟೋ ಎಲೆಕ್ಟ್ರಿಕಲ್ ಕೆಲಸದಾಗ 22 ವರ್ಷ ಆತು. ಹೋದ ವಾರ ಬಂದ ಗಾಡಿದು ಹೇಳ್ತೀನಿ. 100/90 ಹಾಕಿದ್ದ, ರಿಲೇ ಇಲ್ಲ. ಹೋಲ್ಡರ್ ಕರಗಿ ಬಲ್ಬಿನ ಮೂರು ಕಾಲಿಗೂ ಅಂಟಿತ್ತು, ಪಕ್ಕಡಲೆ ಎಳದ್ರ ಹೋಲ್ಡರ್ ಪುಡಿ ಪುಡಿ ಆಗಿ ಕೈಗೆ ಬಂತು. ಒಳಗ ರಿಫ್ಲೆಕ್ಟರಿನ ಬೆಳ್ಳಿ ಉಳ್ಳಾಗಡ್ಡಿ ಸಿಪ್ಪಿ ಎದ್ದಂಗ ಎದ್ದಿತ್ತು. ಮುನ್ನೂರರ ಬಲ್ಬಿಗೆ ಆರು ಸಾವಿರದ ಹೆಡ್‌ಲೈಟ್ ಹೋತು.

55 ವ್ಯಾಟ್ ಡಿಪ್ಪರ್ ನಾಕೂವರಿ ಆಂಪಿಯರ್ ಎಳೀತೈತಿ. 90 ವ್ಯಾಟ್ ಏಳೂವರಿ. ಕಂಪನಿ ವೈರ್ ಅಷ್ಟಕ್ಕ ಮಾಡಿದ್ದಲ್ಲ. ಕಾಯ್ದೆಕ್ಕೂ ಒಪ್ಪಂಗಿಲ್ಲ.

ಗುಮ್ಮಟದವರ, ಹಾರಿದ ಬಲ್ಬ್ ಒಗದಿಲ್ಲಲಾ? ಹಗಲ ಬೆಳಕಿನಾಗ ಹಿಡದು ನೋಡಿ ಹೇಳ್ರಿ: ಗಾಜು ಕರ್ರಗಾಗೇತೋ, ಒಳಗ ಬೆಳ್ಳನ್ನ ಪುಡಿ ಐತೋ, ಎಲ್ಲೆರ ಗುಳ್ಳಿ ಎದ್ದೈತೋ? ತಂತಿ ಎಲ್ಲಿ ಹರದೈತಿ? ಬೆಳ್ಳನ್ನ ಪುಡಿ ಇದ್ರ ಬಲ್ಬಿನ ಒಳಗ ಗಾಳಿ ಹೊಕ್ಕೈತಿ, ಅದು ಮಾಲಿನ ತಪ್ಪು. ಗುಳ್ಳಿ ಇದ್ರ ಹಾಕಿದವ ಬರಿಗೈಲೆ ಗಾಜು ಮುಟ್ಟಿರ್ತಾನ. ಬೆರಳಿನ ಎಣ್ಣಿ, ಬೆವರಿನ ಉಪ್ಪು ಆ ಉರಿಗೆ ಗಾಜನ್ನ ತಿಂತಾವ. ಗಾಜು ಸ್ವಚ್ಛ ಇದ್ದು ತಂತಿ ನಡುವ ಹರದಿದ್ರ ಬ್ಯಾರೆ ಕತಿ.

ಗುಮ್ಮಟದ ನೆರಳು · ವಿಜಯಪುರ

ಕಾಕಾ, ಎರಡೂ ಅವ. ಈಗ ಮಾಳಿಗಿ ಮ್ಯಾಲ ಹೋಗಿ ಬಿಸಲಿಗೆ ಹಿಡದು ನೋಡ್ದೆ. ಪುಡಿ ಇಲ್ಲ, ಗುಳ್ಳಿ ಇಲ್ಲ. ಗಾಜು ಸ್ವಚ್ಛ ಅದ, ಮ್ಯಾಲಿನ ತುದಿಗೆ ಮಾತ್ರ ಸ್ವಲ್ಪ ಹೊಗಿ ಹಿಡದಂಗ. ಡಿಪ್ಪರಿನ ಸುರುಳಿ ನಟ್ಟ ನಡುವ ಹರದದ. ಹರದ ತುದಿಯೊಳಗ ಸಾಸಿವಿಗಿಂತ ಸಣ್ಣ ಗುಂಡು, ಬೆಸುಗಿ ಹಾಕಿದಂಗ ಹೊಳೀತದ. ಎರಡೂ ಬಲ್ಬಿನಾಗ ಹಂಗ. ಅಪ್ಪರಿನ ತಂತಿ ಎರಡರಾಗೂ ಸುದ್ಧ ಅದ.

ಪಕ್ಕಡ್ ಕಾಕಾ · ನವನಗರ, ಬಾಗಲಕೋಟೆ

ಹಂಗಿದ್ರ ಡೂಪ್ಲಿಕೇಟ್ ಅಂತ ನಾ ಹೇಳಂಗಿಲ್ಲ. ಎರಡೂ ನಾಕ ದಿನದಾಗ, ಒಂದ ಜಾಗಾದಾಗ, ಒಂದ ನಮೂನಿ ಸತ್ತಾವ. ಅವು ದುಡದು ಸತ್ತಾವ. ಯಾರೋ ಹೆಚ್ಚಿಗಿ ದುಡಸ್ಯಾರ. ಮಲ್ಟಿಮೀಟರ್ ಐತೇನು?

ಕೊಳವಿ ದೀಪ · ಜಮಖಂಡಿ

ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ, ಕಾರಿನ ರಿಪೇರಿ ಗೊತ್ತಿಲ್ಲ. ಆದರೆ ಈ ಬಲ್ಬು ನನಗೆ ಪ್ರಿಯವಾದ ವಿಷಯ, ಆದ್ದರಿಂದ ನಡುವೆ ಬಾಯಿ ಹಾಕುತ್ತಿದ್ದೇನೆ.

ಮಾಮೂಲಿ ಎಚ್‌4ಗೂ ಹೊಳಪಿನ ಎಚ್‌4ಗೂ ವ್ಯಾಟ್ ಒಂದೇ, 60/55. ಅದೇ ವಿದ್ಯುತ್ತಿನಿಂದ ಹೆಚ್ಚು ಬೆಳಕು ಬರಬೇಕಾದರೆ ಟಂಗ್‌ಸ್ಟನ್ ತಂತಿ ಇನ್ನಷ್ಟು ಬಿಸಿಯಾಗಲೇಬೇಕು. ಸುರುಳಿಯನ್ನು ಒತ್ತೊತ್ತಾಗಿ, ಗಿಡ್ಡವಾಗಿ ಸುತ್ತುತ್ತಾರೆ. ಆಗ ಬೆಳಕು ಒಂದೇ ಕಡೆಯಿಂದ ಹೊರಟು ರಿಫ್ಲೆಕ್ಟರ್ ಅದನ್ನು ದೂರಕ್ಕೆ ಎಸೆಯುತ್ತದೆ. ಬಿಸಿ ಹೆಚ್ಚಿದಷ್ಟೂ ಟಂಗ್‌ಸ್ಟನ್ ಆವಿಯಾಗುವುದೂ ಹೆಚ್ಚು. ಒಳಗಿರುವ ಬ್ರೋಮಿನ್ ಅಥವಾ ಅಯೋಡಿನ್ ಆ ಆವಿಯನ್ನು ಹಿಡಿದು ತಂತಿಗೆ ಮರಳಿ ತಂದು ಬಿಡುತ್ತದೆ, ಹಾಗಾಗಿಯೇ ಹ್ಯಾಲೊಜನ್ ಬಲ್ಬಿನ ಗಾಜು ಬೇಗ ಕಪ್ಪಾಗುವುದಿಲ್ಲ. ತೊಂದರೆ ಏನೆಂದರೆ ಎಲ್ಲಿಂದ ಎದ್ದಿತೋ ಅಲ್ಲಿಗೇ ಅದು ಮರಳುವುದಿಲ್ಲ. ಹೋಗುವುದು ತೀರಾ ಬಿಸಿಯಾದ ನಡುವಿನಿಂದ, ಕೂರುವುದು ಬದಿಗೆ. ನಡು ತೆಳ್ಳಗಾಗುತ್ತದೆ, ತೆಳ್ಳಗಾದಲ್ಲಿ ಇನ್ನಷ್ಟು ಬಿಸಿ, ಕೊನೆಗೆ ಕರಗಿ ತುಂಡಾಗುತ್ತದೆ. ನೀವು ನೋಡಿದ ಸಾಸಿವೆ ಗುಂಡು ಅದೇ. ಕೆಲವು ದುಬಾರಿ ಬಲ್ಬುಗಳಲ್ಲಿ ಕ್ಸೆನಾನ್ ಅನಿಲ ತುಂಬುವುದು ಈ ಆವಿಯ ಓಟವನ್ನು ತಡೆಯಲೆಂದೇ.

ಇನ್ನು ವೋಲ್ಟೇಜ್. ತಂತಿ ಬಲ್ಬುಗಳಿಗೆ ಒಂದು ಅಂದಾಜು ಲೆಕ್ಕವಿದೆ: ಬೆಳಕು ವೋಲ್ಟೇಜಿನ 3.4ನೇ ಘಾತದಷ್ಟು ಏರುತ್ತದೆ, ಆಯುಷ್ಯ ಸುಮಾರು 13ನೇ ಘಾತದಷ್ಟು ಇಳಿಯುತ್ತದೆ. ಹದಿಮೂರನೇ ಘಾತ! ವೋಲ್ಟೇಜ್ ಶೇ. 5 ಏರಿದರೆ ಬೆಳಕು ಶೇ. 18 ಹೆಚ್ಚು, ಆಯುಷ್ಯ ಹೆಚ್ಚುಕಡಿಮೆ ಅರ್ಧ. ತರಗತಿಯಲ್ಲಿ ಇದನ್ನು ಬೋರ್ಡಿನ ಮೇಲೆ ಬರೆದಾಗ ಹುಡುಗರು ನಾನೇ ತಪ್ಪು ಬರೆದೆನೆಂದು ನಗುತ್ತಾರೆ.

ಎರಿಮಣ್ಣು · ಬಾಗಲಕೋಟೆ

ಅಕ್ಕಾರ, ನಮಗ ನಿಮ್ಮಂಥಾ ಮಾಸ್ತರು ಸಿಕ್ಕಿದ್ರ ಸೈನ್ಸಿನಾಗ ಪಾಸರ ಆಗತಿದ್ವಿ.

ಉದ್ಯಮಬಾಗ್ ರಾತ್ರಿ ಪಾಳಿ · ಬೆಳಗಾವಿ

ಮೇಡಂ ಹೇಳಿದ್ದಕ್ಕ ಒಂದು ಸೇರಿಸ್ತೀನಿ. ಡಬ್ಬಿ ಮ್ಯಾಲ ಬರಿಯೋ ತಾಸು ಅಂದ್ರ ಏನು ಅಂತ ಯಾರೂ ಕೇಳಂಗಿಲ್ಲ. ತಯಾರಕರ ಡೇಟಾಶೀಟಿನಾಗ ಎರಡು ಅಂಕಿ ಇರ್ತಾವ, ಬಿ3 ಮತ್ತು ಟಿಸಿ. ಬಿ3 ಅಂದ್ರ ನೂರರಾಗ ಮೂರು ಬಲ್ಬ್ ಹಾರೂದಕ್ಕ ಹಿಡಿಯೋ ತಾಸು. ಟಿಸಿ ಅಂದ್ರ ನೂರರಾಗ 63 ಹಾರೂದಕ್ಕ ಹಿಡಿಯೋದು. ಡಬ್ಬಿ ಮ್ಯಾಲ ದೊಡ್ಡದಾಗಿ ಬರೂದು ಯಾವುದು ಅಂತ ನೀವ ಊಹಿಸ್ರಿ. ಪರೀಕ್ಷೆ ನಡಿಯೂದು 13.2 ವೋಲ್ಟಿಗೆ. ಅಲ್ಲಿ ನಮ್ಮ ರಸ್ತಾದ ತಗ್ಗು ಇರಂಗಿಲ್ಲ.

"ಶೇ. 150 ಹೆಚ್ಚು" ಅನ್ನೂದೂ ಹಂಗ. ನಿಮ್ಮ ಹಳೇ ಬಲ್ಬಿಗಿಂತ ಅಲ್ಲ, ಕಾಯ್ದೆ ಕೇಳೂ ಕನಿಷ್ಠಕ್ಕಿಂತ, ಅದೂ ರಸ್ತಾದ ಮ್ಯಾಲಿನ ಒಂದೆರಡು ಜಾಗಾದಾಗ. ಒಟ್ಟು ಬೆಳಕು ಅಷ್ಟು ಏರಾಕ ಸಾಧ್ಯ ಇಲ್ಲ. ಎಚ್‌4 ಅಂದ್ರ ಅಪ್ಪರಿಗೆ 1650 ಲ್ಯುಮೆನ್, ಡಿಪ್ಪರಿಗೆ 1000, ಶೇ. 15 ಅತ್ತಿತ್ತ, ಅಷ್ಟರಾಗ ಇರಬೇಕು.

ಒಟ್ಟು ನೆನಪಿಡಾಕ ಹಿಂಗ: ಎಷ್ಟು ಹೊಳಪಿನ ಮಾಲೋ ಅಷ್ಟು ಕಮ್ಮಿ ತಾಸು, ಕೆಲವು ನೂರು ತಾಸಿನ ಒಳಗಿನ ಮಾತು. "ಲಾಂಗ್ ಲೈಫ್" ಮಾಲು ಅದರ ಹಲವು ಪಟ್ಟು ಬಾಳ್ತಾವ, ಬೆಳಕು ತುಸು ಮಂದ. ನೀಲಿ ಬಣ್ಣ ಬಳದ "ಕ್ರಿಸ್ಟಲ್ ವೈಟ್" ಇವೆರಡರ ನಡುವಿನ ಮೋಸ. ಬಣ್ಣ ಬೆಳಕು ತಡೀತೈತಿ, ಆ ಕೊರತಿ ತುಂಬಾಕ ತಂತಿ ಇನ್ನೂ ಬಿಸಿ ಓಡಸ್ತಾರ. ಬೆಳಕೂ ಇಲ್ಲ, ಬಾಳಿಕೀನೂ ಇಲ್ಲ.

ಕುಂದಾ ಪ್ರಿಯ · ಬೆಳಗಾವಿ

2026 ಬಂದ್ರೂ ಇನ್ನೂ ತಂತಿ ಬಲ್ಬಾ? ಎಲ್‌ಇಡಿ ಹಾಕಿ ಆರಾಮಿರ್ರಿ. 30,000 ತಾಸು. ಮೊಮ್ಮಕ್ಕಳಿಗೆ ಬಿಟ್ಟು ಹೋಗಬಹುದು.

ಚೋರ್ಲಾ ಮಳಿ · ಬೆಳಗಾವಿ

ಭಾವಾ, ಆ 30,000 ತಾಸು ಚಿಪ್ಪಿಂದು, ಅದೂ ತಣ್ಣಗಿಟ್ರ. ನಂದು ಬೆಳಗಾವಿ–ಗೋವಾ ಬಾಡಿಗಿ ಗಾಡಿ, ವಾರದಾಗ ಮೂರು ರಾತ್ರಿ ಚೋರ್ಲಾ ಇಳೀತೀನಿ. ಎರಡು ಜೋಡಿ ಎಲ್‌ಇಡಿ ಸುಟ್ಟೀನಿ, ಎರಡರಾಗೂ ಚಿಪ್ ಚಲೋ ಇತ್ತು. ಮೊದಲನೇದರಾಗ ಹಿಂದಿನ ಫ್ಯಾನ್ ಧೂಳ ತಿಂದು ನಿಂತಿತು, ಬಿಸಿಗೆ ಬೆಳಕು ಮಿಣಿಕ್ ಮಿಣಿಕ್ ಅನ್ನಾಕ ಹತ್ತಿತು. ಎರಡನೇದರಾಗ ಡ್ರೈವರ್ ಡಬ್ಬಿಯೊಳಗ ನೀರ ಹೊಕ್ಕಿತು, ಜುಲೈ ತಿಂಗಳ ಘಟ್ಟದ ನಡುವ. ಒಂದ ಕಣ್ಣಿನ ಗಾಡಿ ಕೆಳಗಿಳಿಸೀನಿ ಅವತ್ತು, ದೇವರ ನೆನಸ್ಕೋತ.

ಮತ್ತ ಆ 6000 ಕೆಲ್ವಿನ್ ಬೆಳ್ಳನ್ನ ಬೆಳಕು ಮಂಜಿನಾಗ ನಿಮ್ಮ ಮುಖಕ್ಕ ವಾಪಸ್ ಹೊಡೀತೈತಿ. ಹಾಲಿನ ಗೋಡಿಗೆ ಗಾಡಿ ಓಡಿಸಿದಂಗ. ಈಗ ಮಾಮೂಲಿ ಹ್ಯಾಲೊಜನ್‌ಗೆ ವಾಪಸ್ ಬಂದೀನಿ, ಡಿಕ್ಕಿಯೊಳಗ ಒಂದು ಹೆಚ್ಚಿಂದು ಇರ್ತೈತಿ. ಹಾರಿದ್ರ ಐದು ಮಿನಿಟಿನ ಕೆಲಸ.

ಕುಂದಾ ಪ್ರಿಯ · ಬೆಳಗಾವಿ

ಕಂಪನಿಂದನ ಬರೂ ಎಲ್‌ಇಡಿ ಹಂಗಿಲ್ಲಲಾ.

ಚೋರ್ಲಾ ಮಳಿ · ಬೆಳಗಾವಿ

ಅದು ಖರೆ. ಅದರ ಲೆನ್ಸ್, ಹೀಟ್‌ಸಿಂಕ್ ಎಲ್ಲಾ ಅದಕ್ಕಂತನ ಮಾಡಿರ್ತಾರ. ಆದ್ರ ಅದು ಕೆಟ್ರ ಬಲ್ಬ್ ಬದಲಸಾಕ ಬರಂಗಿಲ್ಲ, ಪೂರಾ ಹೆಡ್‌ಲೈಟ್ ಹೋಗ್ತೈತಿ. ಬಿಲ್ ನೋಡಿ ನಿಮ್ಮ ಕುಂದಾ ಕಹಿ ಆಕ್ಕೈತಿ.

ಘಟಪ್ರಭಾ ದಂಡಿ · ಮುಧೋಳ

ನಾನು ಟ್ರ್ಯಾಕ್ಟರ್ ಮಂದಿ. ಮ್ಯಾಲ ಬೈಸಿಕೊಂಡವರು ನಾವ. ಒಪ್ಪತೀನಿ, ಹಿಂದ ಲೈಟ್ ಇರಂಗಿಲ್ಲ. ಇದ್ರೂ ಕಬ್ಬಿನ ಸೋಗಿ ಮುಚ್ಚಿರ್ತೈತಿ. ಆದ್ರ ಎದುರಿಗೆ ಬರೂ ನಿಮ್ಮ ಎಲ್‌ಇಡಿ, ಎಚ್‌ಐಡಿ ಕಾರಿಂದು ಏನ್ ಹೇಳ್ರಿ? ಕಣ್ಣಿಗೆ ಕಾರ ಉಗ್ಗಿದಂಗ. ಲೋಕಾಪುರ ರಸ್ತಾದಾಗ ಎರಡು ಸಲ ಡಬ್ಬಿ ತಗ್ಗಿಗೆ ಇಳಿಸೀನಿ. ಡಿಪ್ಪರ್ ಹೊಡಿ ಅಂದ್ರ "ಇದ ಡಿಪ್ಪರ್" ಅಂತಾರ!

ಉದ್ಯಮಬಾಗ್ ರಾತ್ರಿ ಪಾಳಿ · ಬೆಳಗಾವಿ

ಅವರು ಸುಳ್ಳು ಹೇಳಲಿಕ್ಕಿಲ್ಲರೀ. ಹ್ಯಾಲೊಜನ್ ರಿಫ್ಲೆಕ್ಟರ್ ಲೆಕ್ಕ ಹಾಕಿದ್ದು ಆ ಸಣ್ಣ ಸುರುಳಿ ಇರೋ ಜಾಗಾಕ್ಕ. ಅದರೊಳಗ ಬ್ಯಾರೆ ಆಕಾರದ ಎಲ್‌ಇಡಿ ಇಟ್ರ ಡಿಪ್ಪರಿನ ಗೆರಿ ಒಡೀತೈತಿ, ಬೆಳಕು ಮ್ಯಾಲ ಚೆಲ್ತೈತಿ. 2024ರ ಜುಲೈದಿಂದ ರಾಜ್ಯದ ಪೊಲೀಸ್ರು ಇಂಥಾ ಲೈಟಿನ ಮ್ಯಾಲ ಮೋಟಾರು ವಾಹನ ಕಾಯ್ದೆ 177ನೇ ಕಲಂದಾಗ ಕೇಸ್ ಹಾಕಾಕ ಸುರು ಮಾಡಿದ್ದು ಇದಕ್ಕ.

ಹಳೇ ಸೆಡಾನ್ · ವಿಜಯಪುರ

ಎಚ್‌ಐಡಿ ಹೆಸರು ಬಂತಂತ ಬರದೆ. ನಂದು ಕಂಪನಿಂದನ ಎಚ್‌ಐಡಿ ಬಂದ ಗಾಡಿ, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಅದರಾಗ ತಂತಿನ ಇಲ್ಲ, ಅನಿಲದೊಳಗ ಕಿಡಿ. 35 ವ್ಯಾಟಿಗೆ 3200 ಲ್ಯುಮೆನ್ ಹತ್ತತ್ರ, ಎರಡು ಸಾವಿರ ತಾಸಿನ ಮ್ಯಾಲ ಬಾಳ್ತದ. ಅದು ಹಾರಂಗಿಲ್ಲ, ಮುಪ್ಪಾಗ್ತದ. ನಂದು ಈಗ ಗುಲಾಬಿ ಬಣ್ಣಕ್ಕ ತಿರಗ್ಯದ, ಓಣಿ ಹುಡುಗ್ರು "ಡಿಜೆ ಗಾಡಿ ಬಂತು" ಅಂತಾವ.

ಬಜಾರದ ಬೈಕ್ · ಗೋಕಾಕ

2017ರ ಏಪ್ರಿಲ್ ಮ್ಯಾಲೆ ಬಂದ ಬೈಕಿನಾಗ ಹೆಡ್‌ಲೈಟ್ ಆರಸಾಕನ ಬರಂಗಿಲ್ಲ. ಹಗಲೂ ಉರೀತೈತಿ. ನಮ್ಮ 35/35 ಬಲ್ಬ್ ವರ್ಷಕ್ಕೊಂದು ಬೇಕ ಬೇಕು. ನಿಮ್ಮದು ಏನ್ ಮಹಾ ದುಃಖರೀ.

ನಿರ್ವಾಹಕ

ಟ್ರ್ಯಾಕ್ಟರ್–ಕಾರು ಜಗಳದ ಏಳು ಉತ್ತರ ತಗದೀನಿ. ಅದಕ್ಕ ಬ್ಯಾರೆ ಎಳೆ ಐತಿ, ಅಲ್ಲಿ ಹೋಗಿ ಬಡದಾಡ್ರಿ. ಇಲ್ಲಿ ಬಲ್ಬಿನ ಮಾತಷ್ಟ.

ಗುಮ್ಮಟದ ನೆರಳು · ವಿಜಯಪುರ

ಕಾಕಾ, ಬಾಜೂ ಮನಿಯವರ ಮಲ್ಟಿಮೀಟರ್ ಇಸಕೊಂಡು ಅಳದೆ. ಎಂಜಿನ್ ಸುರು ಇಟ್ಟು, ಡಿಪ್ಪರ್ ಹಚ್ಚಿ, ಎಕ್ಸಲೇಟರ್ ಸ್ವಲ್ಪ ಒತ್ತಿಸಿ ನೋಡಿದ್ದು. ಎಕ್ಸಲೇಟರ್ ಮ್ಯಾಲ ಮಗಳು, ಕಾಲು ಮುಟ್ಟಂಗಿಲ್ಲ ಅಂತ ಸೀಟಿನ ತುದಿಗೆ ಕುಂತಿದ್ಲು. ಹ್ಯಾಂಡ್‌ಬ್ರೇಕ್ ಹಾಕಿದ್ದೆ, ಗೇರ್ ನ್ಯೂಟ್ರಲ್.

ಬ್ಯಾಟರಿ ಮ್ಯಾಲ 14.9 ವೋಲ್ಟ್.
ಬಲ್ಬಿನ ಹೋಲ್ಡರ್ ಹಿಂದ 14.7.

ಆಮ್ಯಾಲ ರಿಲೇ ಬಿಚ್ಚಿ ಹಳೇ ಕಂಪನಿ ವೈರಿಗೆ ಹಚ್ಚಿ ನೋಡ್ದೆ. ಹೋಲ್ಡರಿನಾಗ 13.1!

ತಾಸಿನ ಲೆಕ್ಕಾನೂ ಹಾಕೀನಿ. ದಿನಾ ಒಂದು ತಾಸು, ಅರವತ್ತು ದಿನ. ನಡುವ ಎರಡು ಸಲ ರಾತ್ರಿ ಬೆಳಗಾವಿಗೆ ಹೋಗಿ ಬಂದಿದ್ದು. ಎಲ್ಲಾ ಕೂಡಿ 80 ತಾಸು. ಡಬ್ಬಿ ಮ್ಯಾಲ 450 ಅಂತ ಅದ.

ಪಕ್ಕಡ್ ಕಾಕಾ · ನವನಗರ, ಬಾಗಲಕೋಟೆ

ಸಿಕ್ತು ನೋಡು ಕಳ್ಳ. 14.9 ಇರಬಾರದು. 14.4 ದಾಟಿತು ಅಂದ್ರ ಡೈನಮೋದ ಕಟೌಟ್, ಅಂದ್ರ ವೋಲ್ಟೇಜ್ ಏರದಂಗ ತಡಿಯೂದು, ಹಿಡಿತ ತಪ್ಪೇತಿ. ಬ್ಯಾಟರಿ ನೀರ ಲಗೂನ ಕಮ್ಮಿ ಆಗಾಕತ್ತಿತ್ತೇನು?

ಎರಡನೇದು ಆ ರಿಲೇ. ರಿಲೇ ಹಾಕಿದವ ತಪ್ಪು ಮಾಡಿಲ್ಲ, ವೈರಿಂಗ್ ಚಲೋನ ಮಾಡ್ಯಾನ. ಆದ್ರ ನಿಮ್ಮ ಹಳೇ ವೈರ್, ಹಳೇ ಸ್ವಿಚ್ಚು ದಾರ್ಯಾಗ ಎರಡು ವೋಲ್ಟ್ ತಿಂತಿದ್ದುವು. ಆರು ವರ್ಷ ಆ ಬಲ್ಬ್ ಅರ್ಧ ಹೊಟ್ಟಿ ಉಂಡು ಬದುಕಿದ್ದುವು, ಅದಕ್ಕ ಕಂದೀಲಿನಂಗ ಇದ್ದುವು, ಅದಕ್ಕ ಸಾಯಲಿಲ್ಲ. ಈಗ ಹೊಸಾವಕ್ಕ ರಿಲೇ ಹೊಟ್ಟಿ ತುಂಬ ಹಾಕ್ತು, ಕಟೌಟ್ ಮ್ಯಾಲ ಮ್ಯಾಲ ಬಡಿಸಿತು. ಮೊದಲ ಅವು ಅಲ್ಪಾಯುಷಿ ಜಾತಿ.

ಗುಮ್ಮಟದ ನೆರಳು · ವಿಜಯಪುರ

ಹೌದು ಕಾಕಾ! ಬ್ಯಾಟರಿಗೆ ಎರಡು ತಿಂಗಳಿಗೊಮ್ಮೆ ನೀರ ಹಾಕಾಕತ್ತೀನಿ. ಬ್ಯಾಸಿಗಿ ಅಂತ ಸುಮ್ಮಿದ್ದೆ.

ಕೊಳವಿ ದೀಪ · ಜಮಖಂಡಿ

ಲೆಕ್ಕ ಹಾಕದೆ ಇರಲು ಆಗಲಿಲ್ಲ. 14.7ನ್ನು 13.2ರಿಂದ ಭಾಗಿಸಿದರೆ 1.11. ಬೆಳಕು ಶೇ. 44 ಹೆಚ್ಚು, ಆಯುಷ್ಯ ಕಾಲು ಭಾಗ. 450ರ ಕಾಲು 110 ತಾಸು. ರಸ್ತೆಯ ಕುಲುಕಾಟಕ್ಕೆ ಒಂದಿಷ್ಟು ಕಳೆದರೆ ನಿಮ್ಮ 80ಕ್ಕೆ ಬಂದು ಮುಟ್ಟುತ್ತದೆ. ಅಂದಾಜು ಸೂತ್ರ ಇಷ್ಟು ಸನಿಹಕ್ಕೆ ಬರುವುದು ಅಪರೂಪ, ಈ ಉದಾಹರಣೆಯನ್ನು ತರಗತಿಗೆ ಒಯ್ಯುತ್ತೇನೆ, ನಿಮ್ಮ ಅಪ್ಪಣೆ ಇದ್ದರೆ.

ಇನ್ನೊಂದು ಕಂಡಿತು. ಕಟೌಟ್ ಸರಿಯಾದರೆ ರಿಲೇ ಮೂಲಕ 14 ವೋಲ್ಟ್ ಸಿಗುತ್ತದೆ ಎನ್ನೋಣ. ಮೊದಲು, ಕಟೌಟ್ ಕೆಡುವ ಮುಂಚೆ, ಹಳೆಯ ವೈರಿನಲ್ಲಿ 12.4ರ ಆಸುಪಾಸು ಸಿಗುತ್ತಿದ್ದಿರಬೇಕು. ಹಾಗಿದ್ದರೆ ಮಾಮೂಲಿ ಬಲ್ಬೇ ಹಾಕಿದರೂ ಮೊದಲಿಗಿಂತ ಶೇ. 50 ಹೆಚ್ಚು ಬೆಳಕು.

ಪಕ್ಕಡ್ ಕಾಕಾ · ನವನಗರ, ಬಾಗಲಕೋಟೆ

ಇದನ್ನ ನಾ 22 ವರ್ಷದಿಂದ ಹೇಳ್ಕೋತ ಬಂದೀನಿ, ಗಿರಾಕಿ ಕೇಳಂಗಿಲ್ಲ. ಮಾಮೂಲಿ 60/55, ಚಲೋ ರಿಲೇ, ಚಲೋ ಅರ್ಥಿಂಗ್. ಬಾಡಿಗೆ ಬಿಗದ ಆ ಅರ್ಥ್ ಬೋಲ್ಟ್ ತಗದು ತುಕ್ಕು ತಿಕ್ಕಿ ಹಾಕ್ರಿ, ಅರ್ಧ ವೋಲ್ಟ್ ಅಲ್ಲೇ ಕುಂತಿರ್ತೈತಿ.

ಮತ್ತ ಹೊರಗಿನ ಪ್ಲಾಸ್ಟಿಕ್ ಗ್ಲಾಸ್ ನೋಡ್ರಿ. 2014ರ ಗಾಡಿ, ವಿಜಯಪುರದ ಬಿಸಲು. ಅರಿಷಿಣ ಬಳದಂಗ ಆಗಿರಬೇಕು. ಒಳಗ ಎಂಥಾ ಬಲ್ಬ್ ಇಟ್ರೇನು, ಹಳದಿ ಪರದೆ ಹಿಂದ. ಸಾವಿರ ನಂಬರಿನ ನೀರ ಪಾಲಿಶ್ ಪೇಪರ್, ಆಮ್ಯಾಲ ಎರಡು ಸಾವಿರದ್ದು, ಆಮ್ಯಾಲ ಕಂಪೌಂಡ್. ಕೊನಿಗೆ ಬಿಸಲು ತಡಿಯೋ ಕ್ಲಿಯರ್ ಕೋಟ್ ಹೊಡಸಬೇಕು, ಇಲ್ಲಂದ್ರ ಆರು ತಿಂಗಳಿಗೆ ಮತ್ತ ಹಳದಿ. ಟೂತ್‌ಪೇಸ್ಟ್ ಹಚ್ಚಿ ತಿಕ್ಕೂ ವಿಡಿಯೋ ನಂಬಬ್ಯಾಡ್ರಿ, ಅದು ಮೂರು ದಿನದ ಮದುವಿ ಮನಿ.

ಬಲ್ಬ್ ಹಾಕುವಾಗ ಕೈಗೆ ಸ್ವಚ್ಛ ಅರಬಿ. ಬದಲಸಿದ್ರ ಜೋಡಿನ ಬದಲಸ್ರಿ, ಒಂದು ಹೋದ್ರ ಇನ್ನೊಂದು ಚೀಟಿ ಕೈಯಾಗ ಹಿಡಕೊಂಡ ನಿಂತಿರ್ತೈತಿ. ಲೈಟ್ ಹಚ್ಚೇ ಗಾಡಿ ಸ್ಟಾರ್ಟ್ ಮಾಡೂ ಚಾಳಿ ಇದ್ರ ಬಿಡ್ರಿ. ತಣ್ಣನ್ನ ತಂತಿ ಹಚ್ಚಿದ ಕ್ಷಣಕ್ಕ ಹತ್ತು ಪಟ್ಟು ಕರೆಂಟ್ ಎಳೀತೈತಿ, ಬಲ್ಬ್ ಹಾರೂದೂ ಬಹಳ ಸಲ ಆವಾಗನ.

ಎರಿಮಣ್ಣು · ಬಾಗಲಕೋಟೆ

ಕಾಕಾ, ನಿಮ್ಮ ಅಂಗಡಿ ನವನಗರದಾಗ ಎಲ್ಲಿ ಬರ್ತೈತಿ? ನನ್ನ ಹೋಲ್ಡರೂ ವಾಸನಿ ಹೊಡ್ಯಾಕತ್ತೈತಿ.

ಪಕ್ಕಡ್ ಕಾಕಾ · ನವನಗರ, ಬಾಗಲಕೋಟೆ

ಗೊತ್ತಿತ್ತು. ಖಾಸಗಿ ಸಂದೇಶ ನೋಡು.

ಗುಮ್ಮಟದ ನೆರಳು · ವಿಜಯಪುರ

ಹದಿನೈದು ದಿನ ಆತು, ಬಂದು ಹೇಳಬೇಕಂತ ಬಂದೆ. ಕಟೌಟ್ ಹೊಸಾದು, ಈಗ ಬ್ಯಾಟರಿ ಮ್ಯಾಲ 14.2. ಗ್ಲಾಸ್ ನಾನ ತಿಕ್ಕಿದೆ, ಒಂದು ಐತವಾರ ಪೂರಾ ಹೋತು, ತಿಕ್ಕಿದ ನೀರು ಚಹಾದ ಬಣ್ಣ ಇತ್ತು. ಬಲ್ಬ್ ಮಾಮೂಲಿ ಹಾಕೀನಿ. ಸಂಕ್ರಮಣದ ಬೆಳಕಿನಷ್ಟಿಲ್ಲ ಖರೆ, ಖಡಿ ಎಣಿಸಾಕ ಬರಂಗಿಲ್ಲ. ಆದ್ರ ನಿನ್ನೆ ಅದ ಮುಳವಾಡದ ಹಂತ್ಯಾಕ ಒಂದು ಟ್ರ್ಯಾಕ್ಟರ್, ಮೇವಿನ ಕಣಕಿ ಹೇರಿದ್ದು, ಹಿಂದ ಕತ್ತಲೀನ. ಆರಾಮ ಮೂರನೇ ಗೇರಿಗೆ ಇಳಿಸಿ, ಡಿಪ್ಪರ್ ಹೊಡದು ದಾಟಿದೆ.

ಮೇಡಂ, ಉದಾಹರಣಿ ತಗೋರಿ, ನನ್ನ ಹೆಸರೊಂದು ಬ್ಯಾಡ.

ಕಾಕಾ, ಆ ಹಾರಿದ ಎರಡು ಬಲ್ಬಿನಾಗ ಅಪ್ಪರ್ ಇನ್ನೂ ಉರೀತಾವ. ಎರಡು ಸಾವಿರ ಕೊಟ್ಟಿದ್ದು, ಒಗ್ಯಾಕ ಮನಸಿಲ್ಲ. ಡಿಕ್ಕಿಯೊಳಗ ಇಡಲೇನು?

ಪಕ್ಕಡ್ ಕಾಕಾ · ನವನಗರ, ಬಾಗಲಕೋಟೆ

ಒಂದ ಇಡು, ಅರಬಿ ಸುತ್ತಿ. ಇನ್ನೊಂದು ಆ ಜಮಖಂಡಿ ಅಕ್ಕಾರಿಗೆ ಕಳಸು, ಹುಡುಗ್ರಿಗೆ ಸಾಸಿವಿ ಗುಂಡು ತೋರಸ್ಲಿ.